ನೀರು ಕುಡಿದ ಕಾರು: ಕೀಲಿ ತಿರುಗಿಸುವ ಮುನ್ನ

ಸೆಪ್ಟೆಂಬರ್ 2022ರ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಕೆರೆಗಳಾದವು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಫೋಟೊಗಳು ದೇಶವೆಲ್ಲ ಓಡಾಡಿದವು. ಅಕ್ಟೋಬರ್ 2024ರಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತಂದರು. ಮೇ 2025ರಲ್ಲಿ ಹೊರಮಾವಿನ ಸಾಯಿ ಲೇಔಟಿನ ಸರದಿ. ಬೆಂಗಳೂರೊಂದೇ ಅಲ್ಲ, 2018ರ ಮೇ ತಿಂಗಳಲ್ಲಿ ಮಂಗಳೂರು, ಅದೇ ವರ್ಷ ಆಗಸ್ಟ್‌ನಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕೂಡ ಮುಳುಗಿದ್ದವು. ಇಂಥ ಪ್ರತಿ ಮಳೆಯ ಬೆನ್ನಿಗೇ ಗ್ಯಾರೇಜುಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಎಂಜಿನ್ ಒಡೆದುಕೊಂಡು ಬಂದವನ್ನು ವಿಚಾರಿಸಿದರೆ, ನೀರಿನಲ್ಲಿ ನಿಂತುಹೋದ ಮೇಲೆ ಅಥವಾ ನೀರು ಇಳಿದ ಮೇಲೆ ‘ಒಂದ್ಸಲ ನೋಡೇಬಿಡೋಣ’ ಅಂತ ಸೆಲ್ಫ್ ಹೊಡೆದ ಕಥೆ ಮತ್ತೆ ಮತ್ತೆ ಹೊರಬೀಳುತ್ತದೆ.

ಎರಡು ಚಮಚ ನೀರಿನ ಲೆಕ್ಕ

ಎಂಜಿನ್ ಉಸಿರಾಡುವ ಯಂತ್ರ. ಏರ್ ಫಿಲ್ಟರ್ ಮೂಲಕ ಗಾಳಿ ಎಳೆದುಕೊಂಡು, ಪಿಸ್ಟನ್ನಿನಿಂದ ಅದನ್ನು ಒತ್ತಿ ಹಿಂಡಿ, ಇಂಧನದ ಜತೆ ಉರಿಸುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಗಾಳಿ ಬರಬೇಕಾದ ದಾರಿಯಲ್ಲಿ ನೀರು ಬಂದು ಸಿಲಿಂಡರಿನಲ್ಲಿ ಕೂತಿದ್ದರೆ, ಮೇಲೇರುವ ಪಿಸ್ಟನ್ ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ. ಅದನ್ನು ತಳ್ಳುತ್ತಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ.

ಎಷ್ಟು ನೀರು ಸಾಕು? ಲೆಕ್ಕ ಹಾಕಿಯೇ ನೋಡಬಹುದು. 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಎಂದರೆ ಒಂದೊಂದು ಸಿಲಿಂಡರಿಗೆ 300 ಮಿಲಿಲೀಟರ್. ಅದರ ಕಂಪ್ರೆಷನ್ ಅನುಪಾತ 10 ಎಂದಿಟ್ಟುಕೊಂಡರೆ, ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ದೊಡ್ಡ ಚಮಚದಲ್ಲಿ ಎರಡು ಚಮಚಕ್ಕೆ ಸ್ವಲ್ಪ ಹೆಚ್ಚು, ಅಷ್ಟೆ. 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಅನುಪಾತ 16ರ ಆಸುಪಾಸು ಇರುವುದರಿಂದ ಆ ಜಾಗ ಇನ್ನೂ ಕಿರಿದು, ಹತ್ತಿರ ಹತ್ತಿರ 25 ಮಿಲಿಲೀಟರ್. ಡೀಸೆಲ್ ಗಾಡಿ ಗಟ್ಟಿ, ನೀರಿಗೆ ಜಗ್ಗುವುದಿಲ್ಲ ಎಂಬ ಧೈರ್ಯ ಇರುವವರು ಈ ಅಂಕಿಯನ್ನು ಗಮನಿಸಬೇಕು. ಐಡ್ಲಿಂಗ್‌ನಲ್ಲಿ, ನಿಮಿಷಕ್ಕೆ 800 ಸುತ್ತಿನಲ್ಲಿ ಓಡುವಾಗಲೇ ಪ್ರತಿ ಸಿಲಿಂಡರೂ ಸೆಕೆಂಡಿಗೆ ಆರೇಳು ಸಲ ಹೀಗೆ ಹಿಂಡುತ್ತದೆ. ನೀರು ಒಳಹೊಕ್ಕದ್ದು ಗೊತ್ತಾಗಿ ಕಾಲು ತೆಗೆಯುವಷ್ಟು ಪುರುಸೊತ್ತು ಡ್ರೈವರಿಗೆ ಸಿಗುವುದಿಲ್ಲ.

ನೀರಿನ ಮಟ್ಟ ಬಾನೆಟ್ಟಿಗಿಂತ ಎಷ್ಟೋ ಕೆಳಗಿದ್ದರೂ ಒಳಗೆ ನೀರು ಹೋಗುವುದುಂಟು. ಪಕ್ಕದಲ್ಲಿ ಒಂದು ಬಿಎಂಟಿಸಿ ಬಸ್ಸು ಹಾದರೆ ಸಾಕು, ಅದೆಬ್ಬಿಸುವ ಅಲೆ ಗ್ರಿಲ್ ದಾಟಿ ಗಾಳಿ ಎಳೆಯುವ ಬಾಯಿಯನ್ನು ಮುಟ್ಟುತ್ತದೆ. ನಮ್ಮ ಮಾಮೂಲಿ ಹ್ಯಾಚ್‌ಬ್ಯಾಕ್, ಸೆಡಾನ್‌ಗಳಿಗೆ ಚಕ್ರದ ಅರ್ಧದ ಮೇಲಿನ ನೀರು ಅಪಾಯವೇ. ಮಹೀಂದ್ರ ಥಾರ್‌ನಂಥ ಗಾಡಿಗೆ ಕಂಪನಿ 650 ಮಿಲಿಮೀಟರ್ ಆಳದವರೆಗೆ ಎಂದು ಹೇಳುತ್ತದೆ ನಿಜ. ಆದರೆ ಆ ಅಂಕಿ ಗುಂಡಿಯಿಲ್ಲದ, ಹರಿಯದ, ಆಳ ಗೊತ್ತಿರುವ ನೀರಿಗೆ. ರಾಜಕಾಲುವೆ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರುವಾಗುತ್ತದೆ ಎಂದೇ ಕಾಣದ ಕಡೆ ಅದನ್ನು ನಂಬಿ ಇಳಿಯುವುದು ದುಡುಕು.

ನೀರಿನ ನಡುವೆ ನಿಂತುಹೋದರೆ

ಮೊದಲ ಕಾಳಜಿ ಕಾರಲ್ಲ, ಅದರೊಳಗಿನ ಜನ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿ ಇದ್ದರೆ ಹೆಚ್ಚಿನ ಕಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮೇ 21, 2023ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅದೂ ವಿಧಾನಸೌಧದ ಸಮೀಪದಲ್ಲೇ. ಅಂಡರ್‌ಪಾಸಿನಲ್ಲಿ ನೀರು ಏರುತ್ತಿದ್ದರೆ ಸೀಟ್ ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಇನ್ನೂ ಕೆಲಸ ಮಾಡುತ್ತಿರುವಾಗಲೇ ಗಾಜಿಳಿಸಿ, ಮಕ್ಕಳನ್ನು ಮೊದಲು ದಾಟಿಸಿ ಹೊರಬೀಳಬೇಕು. ಹೊರಗೆ ನೀರು ಹೆಚ್ಚಾದಂತೆ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದು ಕಷ್ಟವಾಗುತ್ತದೆ.

ಜೀವಕ್ಕೆ ಅಪಾಯವಿಲ್ಲ, ಗಾಡಿ ಮಾತ್ರ ಆಫ್ ಆಗಿದೆ ಎಂದಾದರೆ ಇಗ್ನಿಷನ್ ಬಂದ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಜನ ಸಿಕ್ಕರೆ ತಳ್ಳಿ ದಿಣ್ಣೆಗೆ ತನ್ನಿ. ತಳ್ಳುವುದು ಬೇರೆ, ತಳ್ಳಿ ಸ್ಟಾರ್ಟ್ ಮಾಡುವುದು ಬೇರೆ. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವ ಹಳೇ ವಿದ್ಯೆ ಇಲ್ಲಿ ಸೆಲ್ಫ್ ಹೊಡೆದಷ್ಟೇ ಹಾನಿ ಮಾಡುತ್ತದೆ, ಏಕೆಂದರೆ ಎರಡರಲ್ಲೂ ಎಂಜಿನ್ ತಿರುಗುತ್ತದೆ. ಸಿಗ್ನಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಸೌಲಭ್ಯ ಇರುವ ಕಾರಾದರೆ, ನೀರಿಗೆ ಇಳಿಯುವ ಮೊದಲೇ ಆ ಬಟನ್ ಒತ್ತಿ ಅದನ್ನು ನಿಲ್ಲಿಸಿರಬೇಕು.

ಎಳೆದೊಯ್ಯಲು ಚಕ್ರ ನೆಲ ಮುಟ್ಟದ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಆಟೋಮ್ಯಾಟಿಕ್ ಗೇರಿನ ಕಾರನ್ನು ಹಗ್ಗ ಕಟ್ಟಿ ಎಳೆದರೆ, ಎಂಜಿನ್ ಬಚಾವಾದರೂ ಗೇರ್‌ಬಾಕ್ಸ್ ಕೆಡಬಹುದು. ಮಳೆಯ ದಿನ ಟೋಯಿಂಗ್‌ನವರು ಕೇಳುವ ಬಾಡಿಗೆ ಎದೆ ಝಲ್ಲೆನಿಸುತ್ತದೆ. ಆದರೂ ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚಿನ ಮುಂದೆ ಅದು ಸಣ್ಣದೇ.

ನೀರಿನ ಗೆರೆ ಎಲ್ಲಿದೆ

ನೀರು ಇಳಿದ ಮೇಲೆ ಕೆಸರಿನ ಗೆರೆಯೊಂದು ಬಾಗಿಲ ಮೇಲೆ ಉಳಿಯುತ್ತದೆ. ಅದನ್ನು ಒರೆಸುವ ಮುನ್ನ ಫೋಟೊ ತೆಗೆಯಿರಿ. ಮುಂದಿನ ಎಲ್ಲ ತೀರ್ಮಾನ, ವಿಮೆಯದ್ದೂ ಸೇರಿ, ಆ ಗೆರೆಯ ಮೇಲೆ ನಿಂತಿರುತ್ತದೆ.

ಗೆರೆ ಬಾಗಿಲಿನ ಹೊಸ್ತಿಲಿಗಿಂತ ಕೆಳಗಿದ್ದು, ಒಳಗಿನ ಹಾಸು ಒಣಗಿದ್ದರೆ ನಿಮ್ಮ ಅದೃಷ್ಟ ದೊಡ್ಡದು. ಬ್ರೇಕು, ಬೇರಿಂಗು, ಅಡಿಭಾಗ ತೊಳೆಸಿ ಪರೀಕ್ಷಿಸಿದರೆ ಸಾಮಾನ್ಯವಾಗಿ ಸಾಕು. ಗೆರೆ ಹೊಸ್ತಿಲು ದಾಟಿ ಸೀಟಿನ ಮಟ್ಟಕ್ಕೆ ಬಂದಿದ್ದರೆ ಹಾಸು, ವೈರಿಂಗು, ಗೇರ್‌ಬಾಕ್ಸು, ಎಂಜಿನ್ ಎಲ್ಲವನ್ನೂ ಅನುಮಾನದಿಂದಲೇ ನೋಡಬೇಕು. ಡ್ಯಾಶ್‌ಬೋರ್ಡ್ ಮುಳುಗಿದ್ದರೆ ರಿಪೇರಿಯ ಮಾತು ಬಿಟ್ಟು ವಿಮಾ ಕಂಪನಿಯ ಜತೆ ‘ಟೋಟಲ್ ಲಾಸ್’ ಮಾತಿಗೆ ಕೂರುವುದೇ ಜಾಣತನ. ಈ ಮೂರನೇ ಗುಂಪಿನ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರು ವರ್ಷಗಟ್ಟಲೆ ಎಲೆಕ್ಟ್ರಿಷಿಯನ್ ಬಾಗಿಲು ಕಾಯುತ್ತಾರೆ.

ಬಾನೆಟ್ ಎತ್ತುವಾಗ, ಡಿಕ್ಕಿ ತೆಗೆಯುವಾಗ ಹುಷಾರು. ಪ್ರವಾಹದಲ್ಲಿ ಹಾವುಗಳೂ ಎತ್ತರದ ಜಾಗ ಹುಡುಕುತ್ತವೆ. ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟ್ ಇರಲಿ. ಚರಂಡಿ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ಕೈಕಾಲಿನಲ್ಲಿ ಗಾಯ ಇದ್ದವರು ಒಳಗೆ ಕೈ ಹಾಕದಿರುವುದೇ ಒಳ್ಳೆಯದು.

ಗ್ಯಾರೇಜಿನಲ್ಲಿ ನಡೆಯಬೇಕಾದ ಕೆಲಸ

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚುವುದು ಮೊದಲ ಕೆಲಸ. ವೈರುಗಳಲ್ಲಿ ಕರೆಂಟ್ ಇರುವಷ್ಟು ಹೊತ್ತೂ ಒದ್ದೆ ಕನೆಕ್ಟರುಗಳಲ್ಲಿ ತುಕ್ಕು ಬಿರುಸಾಗಿ ಹತ್ತುತ್ತದೆ.

ಆಮೇಲೆ ಏರ್ ಫಿಲ್ಟರಿನ ಡಬ್ಬ ತೆರೆದು ನೋಡಬೇಕು. ಫಿಲ್ಟರ್ ಒಣಗಿದ್ದು, ಡಬ್ಬದ ತಳದಲ್ಲೂ ಕೆಸರಿಲ್ಲದಿದ್ದರೆ ಸಿಲಿಂಡರಿಗೆ ನೀರು ಹೋಗಿರುವ ಸಂಭವ ಕಡಿಮೆ. ಒದ್ದೆಯಾಗಿದ್ದರೆ ಹೋಗಿದೆ ಎಂದೇ ತಿಳಿದು ಮುಂದುವರಿಯಬೇಕು. ಮುಂದಿನದು ಡಿಪ್‌ಸ್ಟಿಕ್. ಆಯಿಲ್ ಎಂದಿನ ಕಂದುಬಣ್ಣ, ಎಂದಿನ ಮಟ್ಟದಲ್ಲಿದ್ದರೆ ಸರಿ. ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿ ಮಟ್ಟವೂ ಏರಿದ್ದರೆ ನೀರು ಬೆರೆತಿದೆ. ಹಾಗಂತ ಡಿಪ್‌ಸ್ಟಿಕ್ಕನ್ನೊಂದೇ ನಂಬುವಂತಿಲ್ಲ. ನಿಂತ ಕಾರಿನಲ್ಲಿ ನೀರು ಆಯಿಲ್ ಜತೆ ಬೆರೆಯದೆ ಚೇಂಬರಿನ ತಳದಲ್ಲಿ ಬೇರೆಯಾಗಿ ಕೂತಿರಬಹುದು. ಡ್ರೈನ್ ನಟ್ ಸಡಿಲಿಸಿದರೆ ಮೊದಲು ಹೊರಬರುವುದು ಆ ನೀರೇ.

ಕಸುಬು ಬಲ್ಲ ಮೆಕ್ಯಾನಿಕ್ ಇಲ್ಲಿ ಕೀಲಿಯನ್ನು ಮುಟ್ಟುವುದಿಲ್ಲ. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ನಿಧಾನ ತಿರುಗಿಸುತ್ತಾನೆ. ಪ್ಲಗ್ ಇದ್ದ ತೂತಿನಿಂದ ನೀರು ಹೊರಬೀಳುತ್ತದೆ; ಒಳಗೆ ಏನಾದರೂ ಕಚ್ಚಿಕೊಂಡಿದ್ದರೆ ಪಾನಾ ಹಿಡಿದ ಕೈಗೆ ಗೊತ್ತಾಗುತ್ತದೆ. ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ, ಕಂಪ್ರೆಷನ್ ಅಳೆದು, ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿದ ಮೇಲಷ್ಟೇ ಸ್ಟಾರ್ಟ್. ಸ್ವಲ್ಪ ಹೊತ್ತು ಓಡಿಸಿ ಆ ಆಯಿಲನ್ನೂ ಚೆಲ್ಲಿ ಇನ್ನೊಮ್ಮೆ ಹೊಸದು ಹಾಕಬೇಕು. ಮೊದಲ ಸಲದ ಆಯಿಲ್ ಒಳಗೆ ಉಳಿದ ನೀರನ್ನು ತೊಳೆದು ತರುವುದಕ್ಕೆ ಮಾತ್ರ.

ಕಂಪ್ರೆಷನ್ ಪರೀಕ್ಷೆಯನ್ನು ಬಿಡುವಂತಿಲ್ಲ. ರಾಡ್ ಒಂದಿಷ್ಟೇ ಬಾಗಿದ ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಗಾಡಿ ಸರಿಹೋಯಿತು ಎಂದು ಎಲ್ಲರೂ ಖುಷಿಪಡುತ್ತಾರೆ. ತಿಂಗಳುಗಳ ನಂತರ ಹೈವೇಯಲ್ಲಿ ಅದೇ ರಾಡ್ ತುಂಡಾಗಿ ಎಂಜಿನ್ ಬ್ಲಾಕನ್ನೇ ತೂತು ಮಾಡಿಕೊಂಡು ಹೊರಬರಬಹುದು. ಒಂದು ಸಿಲಿಂಡರಿನ ಒತ್ತಡ ಉಳಿದವಕ್ಕಿಂತ ಕಡಿಮೆ ಕಂಡರೆ ಅಲ್ಲಿಗೇ ನಿಲ್ಲಿಸಿ ಎಂಜಿನ್ ಬಿಚ್ಚಿಸಬೇಕು.

ಗೇರ್ ಆಯಿಲ್ ಬದಲಿಸಿ, ಕೂಲೆಂಟ್ ಪರೀಕ್ಷಿಸಿ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಗಾಳಿಯಾಡುವ ಪುಟ್ಟ ಕೊಳವೆ ಇರುತ್ತದೆ. ಬಿಸಿಯಾದ ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಅದರ ಮೂಲಕ ನೀರು ಒಳಗೆ ಎಳೆಯಲ್ಪಡುತ್ತದೆ. ಪೆಟ್ರೋಲ್ ಟ್ಯಾಂಕಿನದು ಬೇರೆಯೇ ತಕರಾರು. ಈಗ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪ್ ಹೀರುವುದು ಆ ತಳದಿಂದಲೇ. ಟ್ಯಾಂಕ್ ಮಟ್ಟಕ್ಕೆ ನೀರು ಬಂದಿದ್ದರೆ ಪೂರ್ತಿ ಖಾಲಿ ಮಾಡಿಸುವುದೊಂದೇ ದಾರಿ.

ಬ್ರೇಕು, ಬೇರಿಂಗು

ಬರೀ ನೀರು ದಾಟಿ ಬಂದ ಕಾರಿಗೂ ಇದು ಅನ್ವಯ. ಒದ್ದೆ ಬ್ರೇಕ್ ಹಿಡಿಯುವುದಿಲ್ಲ. ಹಿಂದೆ ಮುಂದೆ ನೋಡಿ, ಖಾಲಿ ರಸ್ತೆಯಲ್ಲಿ ನಿಧಾನ ಓಡಿಸುತ್ತಾ ಪೆಡಲನ್ನು ಹಗುರವಾಗಿ ಹತ್ತಾರು ಸಲ ಒತ್ತಿದರೆ ಆ ಬಿಸಿಗೆ ಒಣಗುತ್ತದೆ. ನಮ್ಮ ಬಹಳಷ್ಟು ಕಾರುಗಳ ಹಿಂದಿನ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕು. ಅದರೊಳಗೆ ಹೊಕ್ಕ ನೀರು, ಮರಳು ಸುಲಭವಾಗಿ ಹೊರಬರುವುದಿಲ್ಲ. ಡ್ರಮ್ ಬಿಚ್ಚಿಸಿ ಸ್ವಚ್ಛ ಮಾಡಿಸಬೇಕು. ಒದ್ದೆ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ ಊರಿಗೆ ಹೋದರೆ ಬರುವಷ್ಟರಲ್ಲಿ ಹಿಂದಿನ ಬ್ರೇಕ್ ತುಕ್ಕಿಗೆ ಅಂಟಿಕೊಂಡಿರುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಚಕ್ರದ ಬೇರಿಂಗ್ ತಕ್ಷಣ ದೂರುವುದಿಲ್ಲ. ಕೆಲವು ವಾರ ಕಳೆದು ವೇಗ ಹೆಚ್ಚಿದಾಗ ಗುಂಯ್ ಎಂದು ಶುರುವಾಗುತ್ತದೆ. ಆ ಸದ್ದಿಗೆ ರೇಡಿಯೊ ಜೋರು ಮಾಡಬೇಡಿ.

ಹಾಸು ಮತ್ತು ವೈರಿಂಗು

ಜನ ಎಂಜಿನ್ನಿಗೆ ಹೆದರುತ್ತಾರೆ. ಆದರೆ ಎಂಜಿನ್ನಿನ ಕೇಡು ಸಾಮಾನ್ಯವಾಗಿ ಒಂದೇ ಸಲ ಬಂದು, ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ. ಕಾರನ್ನು ನಿಜವಾಗಿ ಸವೆಸುವುದು ಹಾಸಿನ ಕೆಳಗಿನ ನೀರು.

ಕಾರಿನ ಕಾರ್ಪೆಟ್ ಮೇಲ್ನೋಟಕ್ಕೆ ಬೇಗ ಒಣಗುತ್ತದೆ. ಅದರಡಿಯಲ್ಲಿ ಸದ್ದು ತಡೆಯಲು ಹಾಕಿದ ದಪ್ಪ ಫೋಮ್ ಮಾತ್ರ ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಕಾರ್ಪೆಟ್ಟಿನ ಮೇಲೆ ಹಿಮ್ಮಡಿ ಊರಿ ಒತ್ತಿ ನೋಡಿ, ಪಚಪಚ ಎಂದರೆ ಅಥವಾ ಒರೆಸುವ ಕಾಗದ ಇಟ್ಟಾಗ ಒದ್ದೆಯಾದರೆ ಸೀಟುಗಳನ್ನು ಕಳಚಿಸಿ ಪೂರಾ ಹೊರತೆಗೆಸಲೇಬೇಕು. ವ್ಯಾಕ್ಯೂಮ್ ಹಾಕಿಸಿ, ಸುಗಂಧದ ಡಬ್ಬಿ ತೂಗುಹಾಕಿ ಕಳಿಸುವ ಗ್ಯಾರೇಜು ನಿಮಗೆ ಬೂಷ್ಟನ್ನು ಪ್ಯಾಕ್ ಮಾಡಿ ಕೊಟ್ಟಿದೆ ಎಂದರ್ಥ. ಮಳೆಗಾಲದಲ್ಲಿ ಬಿಸಿಲನ್ನು ನಂಬುವಂತಿಲ್ಲ. ದೊಡ್ಡ ಫ್ಯಾನ್ ಹಾಕಿ, ಬಾಗಿಲೆಲ್ಲ ತೆರೆದಿಟ್ಟು ದಿನಗಟ್ಟಲೆ ಗಾಳಿಯಾಡಿಸಬೇಕು. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಸೋರಲೆಂದೇ ಬಿಟ್ಟ ಸಣ್ಣ ತೂತುಗಳು ಕೆಸರಿನಿಂದ ಮುಚ್ಚಿರುತ್ತವೆ, ಅವನ್ನೂ ಬಿಡಿಸಿ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಎಸಿಯ ಕ್ಯಾಬಿನ್ ಫಿಲ್ಟರ್ ಎಸೆದುಬಿಡಿ.

ವೈರಿಂಗಿನ ವಿಷಯ ಇದಕ್ಕಿಂತ ಸೂಕ್ಷ್ಮ. ಹಲವು ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಗೇರ್ ಲಿವರ್ ಆಸುಪಾಸಿನಲ್ಲಿ, ನೆಲಕ್ಕೆ ಅಂಟಿದಂತೆ ಇರುತ್ತದೆ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರುಗಳಿದ್ದರೆ ಅವು ಏರ್‌ಬ್ಯಾಗಿಗೂ ಬೆಲ್ಟ್ ಬಿಗಿಯುವ ಯಂತ್ರಕ್ಕೂ ಸೇರಿದವು. ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಬಾಗಿಲ ಬೀಗ, ಪವರ್ ವಿಂಡೋ, ದೀಪಗಳನ್ನು ನಿಯಂತ್ರಿಸುವ ಇನ್ನೊಂದು ಪೆಟ್ಟಿಗೆ ಬಹುತೇಕ ಡ್ಯಾಶ್‌ಬೋರ್ಡ್ ಕೆಳಗೆ. ನೀರು ತಾಗಿದ ದಿನ ಇವೆಲ್ಲ ಸರಿಯಾಗಿಯೇ ಕೆಲಸ ಮಾಡಬಹುದು. ಎರಡು ಮೂರು ತಿಂಗಳಿಗೆ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಹತ್ತಿ, ನಡುರಾತ್ರಿ ಹಾರ್ನ್ ತಾನಾಗಿ ಹೊಡೆದುಕೊಳ್ಳುತ್ತದೆ, ಗಾಜು ಅರ್ಧಕ್ಕೆ ನಿಲ್ಲುತ್ತದೆ, ಏರ್‌ಬ್ಯಾಗ್ ದೀಪ ಹತ್ತಿ ಆರುವುದೇ ಇಲ್ಲ. ಕಾರ್ಪೆಟ್ ತೆಗೆದಾಗಲೇ ಒಂದೊಂದು ಕನೆಕ್ಟರನ್ನೂ ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ ಒಣಗಿಸುವುದು ಬೇಸರದ, ನಿಧಾನದ ಕೆಲಸ. ನೀರಿನಿಂದ ಬಂದ ಕಾರಿಗೆ ಕೊಡುವ ಹಣದಲ್ಲಿ ಅತಿ ಸಾರ್ಥಕವಾದದ್ದೂ ಅದೇ.

ವಿದ್ಯುತ್ ಕಾರುಗಳು

ಇವಕ್ಕೆ ಗಾಳಿ ಎಳೆಯುವ ಬಾಯಿಯೇ ಇಲ್ಲ, ಹಾಗಾಗಿ ಹೈಡ್ರೋಲಾಕ್ ಭಯವಿಲ್ಲ. ಈಗಿನ ಹೆಚ್ಚಿನ ವಿದ್ಯುತ್ ಕಾರುಗಳ ಬ್ಯಾಟರಿ ಪ್ಯಾಕಿಗೆ ಐಪಿ67 ದರ್ಜೆ ಇರುತ್ತದೆ. ಅಂದರೆ ಒಂದು ಮೀಟರ್ ಆಳದ ಶುದ್ಧ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಹಾನಿಯಾಗುವಷ್ಟು ನೀರು ಒಳಹೋಗಬಾರದು. ಅದು ಪ್ರಯೋಗಾಲಯದ, ಹೊಸ ಪ್ಯಾಕಿನ ಪರೀಕ್ಷೆ. ರಾತ್ರಿಯಿಡೀ ಬೇಸ್‌ಮೆಂಟಿನಲ್ಲಿ ಮುಳುಗಿದ್ದ ಕಾರಿಗೆ ಆ ಭರವಸೆ ಅನ್ವಯಿಸದು.

ಮುಳುಗಿದ ವಿದ್ಯುತ್ ಕಾರನ್ನು ಕಂಪನಿಯ ತಂತ್ರಜ್ಞರು ನೋಡುವವರೆಗೆ ಚಾರ್ಜಿಗೆ ಹಾಕಬೇಡಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಬೇಡಿ. ಮನೆ, ಬೇರೆ ವಾಹನಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿ. ಉಪ್ಪುನೀರು ಇನ್ನೂ ಕೆಟ್ಟದ್ದು: ಸೆಪ್ಟೆಂಬರ್ 2022ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಇಯಾನ್ ಚಂಡಮಾರುತ ಅಪ್ಪಳಿಸಿದಾಗ ಸಮುದ್ರದ ನೀರು ಹೊಕ್ಕ ಹಲವು ವಿದ್ಯುತ್ ಕಾರುಗಳು ನೀರು ಇಳಿದ ದಿನಗಳ ನಂತರ ಬೆಂಕಿ ಹೊತ್ತಿಕೊಂಡವು. ನಮ್ಮ ಕರಾವಳಿಯವರು ಇದನ್ನು ನೆನಪಿಡಬೇಕು.

ವಿಮೆಯ ಲೆಕ್ಕ

ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ನಿಮ್ಮ ಕಾರಿನ ನೀರುಹಾನಿಗೆ ಒಂದು ಪೈಸೆಯೂ ಬರುವುದಿಲ್ಲ. ಕಾಂಪ್ರಹೆನ್ಸಿವ್ ಅಥವಾ ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಪ್ರವಾಹ ಸೇರಿರುತ್ತದೆ. ತಕರಾರು ಏಳುವುದು ಎಂಜಿನ್ ವಿಷಯಕ್ಕೆ. ಮಾಮೂಲಿ ಪಾಲಿಸಿಯಲ್ಲಿ, ಘಟನೆಯ ನಂತರ ಅದರ ಪರಿಣಾಮವಾಗಿ ಆದ ನಷ್ಟಕ್ಕೆ ಪರಿಹಾರ ಇರುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಸೆಲ್ಫ್ ಹೊಡೆದು ರಾಡ್ ಬಗ್ಗಿಸಿಕೊಂಡರೆ ಕಂಪನಿ ಆ ವಾಕ್ಯವನ್ನೇ ಮುಂದಿಡುತ್ತದೆ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಇರುವುದು ಇದಕ್ಕಾಗಿಯೇ. ತಗ್ಗು ಬಡಾವಣೆಯವರಿಗೆ, ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ಅದರ ಪ್ರೀಮಿಯಂ ದಂಡವಲ್ಲ. ಮಳೆ ಬಂದ ಮೇಲೆ ಅದನ್ನು ಕೊಳ್ಳಲು ಹೋದರೆ ಪ್ರಯೋಜನವಿಲ್ಲ.

ಕಂಪನಿಗೆ ಕೂಡಲೇ ತಿಳಿಸಿ, ಕ್ಲೇಮ್ ಸಂಖ್ಯೆ ಪಡೆಯಿರಿ. ನಂಬರ್ ಪ್ಲೇಟು, ನೀರಿನ ಗೆರೆ, ಒಳಗಿನ ಕೆಸರು ಕಾಣುವಂತೆ ಫೋಟೊ, ವಿಡಿಯೊ ಇರಲಿ. ಸರ್ವೇಯರ್ ಬರುವ ಮುನ್ನ ಎಂಜಿನ್ ಬಿಚ್ಚಿಸಬೇಡಿ. ಹಾಗೆಂದು ನೀರು ತುಂಬಿದ ಕಾರನ್ನು ಕೊಳೆಯಲು ಬಿಡುವುದೂ ತಪ್ಪು: ಹಾನಿ ಹೆಚ್ಚದಂತೆ ಮಾಲೀಕರು ಕಾಳಜಿ ವಹಿಸಬೇಕೆಂದು ಪಾಲಿಸಿಯೇ ಹೇಳುತ್ತದೆ. ಫೋಟೊ ತೆಗೆದು, ಬ್ಯಾಟರಿ ಕಳಚಿ, ಬಾಗಿಲು ತೆರೆದು ನೀರು ಚೆಲ್ಲುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಪೂರ್ತಿ ಖರ್ಚು ಬರುತ್ತದೆಂದು ನಿರೀಕ್ಷಿಸಬೇಡಿ. ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಪರಿಹಾರ ಕೊಡುವ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಅರ್ಧ ಬೆಲೆಯಷ್ಟೇ ಸಿಗುತ್ತದೆ. ರಿಪೇರಿ ವೆಚ್ಚ ಕಾರಿನ ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯ) ಶೇ. 75ನ್ನು ದಾಟಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸಲಾಗುತ್ತದೆ. ಸಣ್ಣ ಮೊತ್ತಕ್ಕೆ ಕ್ಲೇಮ್ ಮಾಡುವ ಮುನ್ನ ನೋ ಕ್ಲೇಮ್ ಬೋನಸ್ ಎಷ್ಟು ಹೋಗುತ್ತದೆ ನೋಡಿಕೊಳ್ಳಿ, ಅದು ಶೇ. 50ರವರೆಗೂ ಬೆಳೆದಿರಬಹುದು. ಕಂಪನಿ ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಟ್ಟು, ಆಮೇಲೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಬೆಂಗಳೂರಿನಲ್ಲಿ ಅದರ ಕಚೇರಿ ಇದೆ, ವಕೀಲರಿಲ್ಲದೆಯೇ ದೂರು ಕೊಡಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಪಾಲಿಶ್ ಮಾಡಿ, ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಹಳೇ ಕಾರು ನೋಡಲು ಹೋದಾಗ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸದಾ ಸುತ್ತಿಕೊಂಡಿರುವ ಆ ಕೊನೆಯ ಮೊಳದ ಪಟ್ಟಿಯನ್ನು ತೊಳೆಯಲು ಯಾರಿಗೂ ನೆನಪಿರುವುದಿಲ್ಲ, ಕೆಸರಿನ ಕಲೆ ಅಲ್ಲೇ ಉಳಿದಿರುತ್ತದೆ. ಸೀಟು ಕೂರಿಸಿದ ಬೋಲ್ಟ್‌ಗಳ ತುಕ್ಕು, ಸ್ಟೆಪ್ನಿ ಗುಂಡಿಯ ಮೂಲೆಯ ಮಣ್ಣು, ಹೆಡ್‌ಲೈಟ್ ಗಾಜಿನೊಳಗಿನ ತೇವ ನೋಡಿ. ಏಳೆಂಟು ವರ್ಷದ ಗಾಡಿಗೆ ಕಾರ್ಪೆಟ್ ಮಾತ್ರ ಹೊಚ್ಚ ಹೊಸದಿದ್ದರೆ ಯಾಕೆಂದು ಕೇಳಿ. ಸುಗಂಧ ಜೋರಾಗಿದ್ದರೆ ಗಾಜೇರಿಸಿ, ಎಸಿ ಹಾಕದೆ ಸ್ವಲ್ಪ ಹೊತ್ತು ಒಳಗೆ ಕೂತು ನೋಡಿ. ಮುಗ್ಗಲು ವಾಸನೆ ಮೇಲೆ ಬರುತ್ತದೆ. ವಿಮಾ ಕ್ಲೇಮಿನ ಚರಿತ್ರೆ ಮತ್ತು ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆ ಕೇಳಿದಾಗ ಮಾರುವವನು ಮಾತು ಹಾರಿಸಿದರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರು ಬೇಡ.